ಗುರುವಾರದ ಸಂತೆಯ ಕಹಿ ಕಾಳು

ಫುಯೆನ್ಸಾಂತಾಳ ಅಂಗಡಿಯಲ್ಲಿ ತಕ್ಕಡಿ ಬಿಟ್ಟರೆ ನಂಬಬಹುದಾದ ಇನ್ನೊಂದು ಸಾಧನವೆಂದರೆ ಅವಳ ನಾಲಿಗೆ. ಆಲಿವ್ ಕಾಯಿಗೆ ಉಪ್ಪು ಹಿಡಿದಿದೆಯೇ, ಸೌತೆಮಿಡಿ ಹುಳಿಗೆ ಬಂದಿದೆಯೇ ಎಂದು ಬೆಳಗ್ಗೆ ಹಲಗೆ ಜೋಡಿಸುವ ಮೊದಲು ಒಂದೊಂದನ್ನೇ ಬಾಯಿಗೆ ಹಾಕಿಕೊಂಡು ನೋಡುತ್ತಿದ್ದಳು. ಆಮೇಲೆಯೇ ಪಾತ್ರೆಗೆ ಸೌಟು ಇಳಿಯುತ್ತಿತ್ತು. ಕಡಲ ದಂಡೆಯ ಲಾ ಗಾರ್ಸಾ ಊರಿನ ಗುರುವಾರದ ಸಂತೆಯಲ್ಲಿ ಅವಳು ಉಪ್ಪಿನಕಾಯಿ ಮಾರುತ್ತ ಇಪ್ಪತ್ತು ವರ್ಷದ ಮೇಲಾಗಿತ್ತು. ಈ ಕ್ರಮ ತಪ್ಪಿರಲಿಲ್ಲ. ತಪ್ಪಿದ್ದು ಜುಲೈ ತಿಂಗಳ ಒಂದು ಗುರುವಾರ, ಅದೂ ನರ್ಸ್ ಹೇಳಿದ ಮಾತನ್ನು ಅವಳು ಚಾಚೂ ತಪ್ಪದೆ ಪಾಲಿಸಿದ್ದರಿಂದ.

ಆ ವಸಂತಕಾಲದಿಂದ ಅವಳಿಗೆ ಆಗಾಗ ತಲೆ ಸುತ್ತುತ್ತಿತ್ತು. ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಟ್ಟರು. ಆರೋಗ್ಯ ಕೇಂದ್ರದಲ್ಲಿ ಸಿಕ್ಕಿದ ದಿನ ಗುರುವಾರವೇ ಆಗಿಬಿಟ್ಟಿತು. ಖಾಲಿ ಹೊಟ್ಟೆಯಲ್ಲಿ ಬರಬೇಕು, ನೀರು ಬಿಟ್ಟು ಒಂದು ಚೂರೂ ಬಾಯಿಗೆ ಹೋಗಬಾರದು ಎಂದು ಫೋನಿನಲ್ಲಿ ನರ್ಸ್ ಎರಡು ಸಲ ಹೇಳಿದ್ದಳು. ಫುಯೆನ್ಸಾಂತಾ ಅದನ್ನು ಗಂಡ ಹಿನೇಸನಿಗೂ ಎರಡು ಸಲ ಹೇಳಿದಳು. ಪರೀಕ್ಷೆಗೆ ಹೋಗಿ ಬರುವ ತನಕ ಅಂಗಡಿ ನೋಡಿಕೊಳ್ಳಲು ಒಳನಾಡಿನ ತೊತಾನಾದಿಂದ ನಾದಿನಿ ಕಾರಿದಾದ್‌ಳನ್ನು ಕರೆಸಿಕೊಂಡಳು. ಎಲ್ಲಕ್ಕೂ ಏರ್ಪಾಟು ಆಗಿತ್ತು, ನಾಲಿಗೆಯ ಕೆಲಸವೊಂದನ್ನು ಬಿಟ್ಟು. ಅದನ್ನು ಕೆಲಸವೆಂದು ಅವಳು ಯಾವತ್ತೂ ಲೆಕ್ಕಕ್ಕೆ ಹಿಡಿದವಳಲ್ಲ.

ಆಲಿವ್, ಸೌತೆಮಿಡಿ ಒಂದು ದಿನ ರುಚಿ ನೋಡದಿದ್ದರೆ ಏನೂ ಮುಳುಗಿಹೋಗುವುದಿಲ್ಲ. ತ್ರಮೂಸ್ ಕಾಳಿನ ವಿಷಯ ಹಾಗಲ್ಲ. ಅದು ಅಂಗಿಯ ಗುಂಡಿಯಷ್ಟು ಅಗಲದ, ಚಪ್ಪಟೆಯಾದ ಹಳದಿ ಕಾಳು. ತುದಿಯನ್ನು ಹಲ್ಲಿನಲ್ಲಿ ಸ್ವಲ್ಪ ಕಚ್ಚಿ ಎರಡು ಬೆರಳಲ್ಲಿ ಹಿದುಕಿದರೆ ಬೇಳೆ ಚಿಮ್ಮಿ ಬಾಯಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಮಧ್ಯಾಹ್ನದ ಬಿಯರಿನ ಜೊತೆ ಮುದುಕರಿಗೆ ಅದಿಲ್ಲದೆ ಆಗುವುದಿಲ್ಲ. ಆದರೆ ಹೊಲದಿಂದ ಬಂದ ಹಾಗೆಯೇ ತಿಂದರೆ ಅದು ವಿಷ. ನೆನೆಹಾಕಿ, ಬೇಯಿಸಿ, ಆಮೇಲೆ ವಾರಕ್ಕೂ ಹೆಚ್ಚು ಕಾಲ ಬೆಳಗ್ಗೆ ಸಂಜೆ ನೀರು ಬದಲಿಸುತ್ತ ಕಹಿಯನ್ನು ತೊಳೆದು ತೆಗೆಯಬೇಕು. ಕಹಿಯೂ ವಿಷವೂ ಒಂದೇ ಪದಾರ್ಥ. ಕಹಿ ಹೋಯಿತೆಂದರೆ ವಿಷ ಹೋಯಿತೆಂದು ಅರ್ಥ. ಫುಯೆನ್ಸಾಂತಾ ಚಿಕ್ಕವಳಿದ್ದಾಗ ಅವಳ ಚಿಕ್ಕಪ್ಪನೊಬ್ಬ ಅರ್ಧ ತೊಳೆದ ಕಾಳು ತಿಂದು ಆಸ್ಪತ್ರೆ ಸೇರಿದ್ದ. ಬಾಯಿ ಒಣಗಿ, ಎದೆ ಓಟಕ್ಕೆ ಬಿದ್ದು, ಪಕ್ಕದಲ್ಲಿ ನಿಂತ ಹೆಂಡತಿಯ ಮುಖ ಅವನಿಗೆ ಕಾಣಿಸುತ್ತಿರಲಿಲ್ಲ. ಆಮೇಲೆ ಉಳಿದುಕೊಂಡ. ಆದರೆ ಪಾಪೆ ಹಿಗ್ಗಿ ಪೂರ್ತಿ ಕಪ್ಪಾಗಿದ್ದ ಆ ಕಣ್ಣುಗಳನ್ನು ಅವಳು ಮರೆತಿರಲಿಲ್ಲ.

ಮನೆಯ ಗ್ಯಾರೇಜಿನಲ್ಲಿ ಎರಡು ನೀಲಿ ಬಕೆಟ್ ಇರುತ್ತಿದ್ದವು. ಎಡಗಡೆಯದು ತಯಾರಾದ ಕಾಳು, ಬಲಗಡೆಯದು ಮುಂದಿನ ವಾರಕ್ಕೆ ತೊಳೆಯುತ್ತಿರುವ ಕಾಳು. ಗುರುತು ಕಟ್ಟುವ ಅಭ್ಯಾಸ ಅವಳಿಗಿರಲಿಲ್ಲ. ಹೇಗೂ ಬಾಯಿಗೆ ಹಾಕಿಕೊಂಡು ನೋಡುತ್ತಿದ್ದಳಲ್ಲ. ಬುಧವಾರ ಸಂಜೆ ಹಿನೇಸ್ ಒಳ್ಳೆಯ ಮನಸ್ಸಿನಿಂದ ಗ್ಯಾರೇಜಿನ ನೆಲ ತೊಳೆದ. ಬಕೆಟ್‌ಗಳನ್ನು ಹೊರಗೆ ಸರಿಸಿ, ಆಮೇಲೆ ಒಳಗಿಟ್ಟ. ಗುರುವಾರ ಬೆಳಗಿನ ಜಾವ ಅವಳು ಎಡಗಡೆಯ ಬಕೆಟ್ಟಿನ ಕಾಳನ್ನು ಸೋಸಿ, ಉಪ್ಪು ಹಾಕಿ, ವ್ಯಾನಿಗೆ ಏರಿಸಿದಳು. ಎಂದಿನಂತೆ ಕೈ ಒಂದು ಕಾಳನ್ನು ಎತ್ತಿ ಬಾಯಿಯ ತನಕ ಹೋಯಿತು. ನರ್ಸ್ ಹೇಳಿದ್ದು ನೆನಪಾಗಿ ಕಾಳನ್ನು ಮತ್ತೆ ಪಾತ್ರೆಗೆ ಹಾಕಿದಳು.

ರಕ್ತ ಕೊಟ್ಟು, ಮಡಿಸಿದ ಮೊಣಕೈಯಲ್ಲಿ ಹತ್ತಿ ಒತ್ತಿಹಿಡಿದುಕೊಂಡೇ ಅವಳು ಸಂತೆಗೆ ಓಡಿಬಂದಾಗ ಬೀದಿ ತುಂಬಿತ್ತು. ಪಕ್ಕದಲ್ಲಿ ಒಳಉಡುಪು ಮಾರುವ ಮೆಲ್ಚೋರ್ ಚಡ್ಡಿಗಳ ರಾಶಿಯ ಪಕ್ಕ ಸ್ಟೂಲು ಹಾಕಿ ನಿಂತು ಕೂಗುತ್ತಿದ್ದ. ಸಮುದ್ರದ ಬಿಸಿಲಿಗೆ ಕೆಂಪಾದ ಪ್ರವಾಸಿಗಳು ಚೀಲ ಬೀಸಿಕೊಂಡು ನಡುಬೀದಿಯಲ್ಲಿ ನಿಂತಿದ್ದರು. ಕಾರಿದಾದ್ ಅವಳಿಗಾಗಿ ಟೊಮೇಟೊ ಸವರಿದ ಬ್ರೆಡ್ಡು, ಕಾಫಿ ತರಿಸಿಟ್ಟಿದ್ದಳು. ಫುಯೆನ್ಸಾಂತಾ ಬ್ರೆಡ್ಡು ತಿಂದಳು, ಕಾಫಿ ಕುಡಿದಳು. ಆಮೇಲೆ ಬೆಳಗ್ಗೆ ಬಿಟ್ಟದ್ದನ್ನು ಮುಗಿಸುವವಳಂತೆ ಒಂದು ತ್ರಮೂಸ್ ಕಾಳು ಹಿದುಕಿ ಬಾಯಿಗೆ ಹಾಕಿಕೊಂಡಳು.

ಕಹಿ ನಾಲಿಗೆಯ ಬುಡಕ್ಕೆ ಹೋಗಿ ಕೂತಿತು. ಉಗಿದಳು. ಇನ್ನೊಂದು ಕಾಳು ತೆಗೆದು ನೋಡಿದಳು. ಅದೂ ಹಾಗೆಯೇ.

ಪಾತ್ರೆಯನ್ನು ಎತ್ತಿ ಮೇಜಿನ ಕೆಳಗೆ ತಳ್ಳಿದಳು. ದನಿ ಏರಿಸದೆ ಕೇಳಿದಳು: “ಕಾರಿ, ಈ ಕಾಳು ಯಾರಿಗೆ ಕೊಟ್ಟೆ?”

“ಯಾಕೆ ಅತ್ತಿಗೆ, ಕಡಿಮೆ ತೂಕ ಹಾಕಿದ್ನಾ?”

“ಯಾರಿಗೆ ಕೊಟ್ಟೆ ಹೇಳು.”

ಎರಡೇ ಚೀಲ ಹೋಗಿದ್ದವು. ಒಂದನ್ನು ಮೆಲ್ಚೋರ್ ತೆಗೆದುಕೊಂಡಿದ್ದ. ಫುಯೆನ್ಸಾಂತಾ ತಿರುಗುವುದರೊಳಗೆ ಅವನೇ ಸ್ಟೂಲಿನ ಮೇಲಿಂದ ಚೀಲ ಚಾಚಿದ. “ತಗೊಳ್ಳವ್ವ ನಿನ್ನ ಕಾಳು. ಒಂದು ಕಚ್ಚಿದ್ದಕ್ಕೆ ನನ್ನ ಮೊದಲನೇ ಹೆಂಡತಿ ನೆನಪಾದ್ಳು.” ಅವಳು ನಗಲಿಲ್ಲ. ಚೀಲ ಕಿತ್ತುಕೊಂಡು, ನುಂಗಿದೆಯಾ ಎಂದು ಕೇಳಿದಳು. ಉಗಿದೆ ಅಂದ.

ಎರಡನೆಯ ಚೀಲ ಒಬ್ಬ ಮುದುಕನಿಗೆ ಹೋಗಿತ್ತು. ಹೇಗಿದ್ದ ಎಂದರೆ ಕಾರಿದಾದ್‌ಗೆ ಹೇಳಲು ಬರಲಿಲ್ಲ. ಟೋಪಿ ಹಾಕಿದ್ದ ಅಂದಳು. ಲಾ ಗಾರ್ಸಾದಲ್ಲಿ ಟೋಪಿ ಹಾಕದ ಮುದುಕರೇ ಇಲ್ಲ. ಆಮೇಲೆ ಅವಳು ಅತ್ತಿಗೆಯ ಮುಖ ನೋಡಿ, ಹತ್ತಿರ ಬಂದು, ಇದನ್ನು ಊರಿಗೆಲ್ಲ ಸಾರುವುದು ಬೇಡ, ಪಾಲಿಕೆಯವರ ಕಿವಿಗೆ ಬಿದ್ದರೆ ಅಂಗಡಿಯ ಜಾಗ ಹೋಗುತ್ತದೆ ಎಂದು ಪಿಸುಗುಟ್ಟಿದಳು. “ಬಾಯಿಗಿಟ್ಟ ತಕ್ಷಣ ಉಗೀತಾನೆ ಬಿಡು. ಮೆಲ್ಚೋರ್ ಉಗೀಲಿಲ್ವಾ?”

ಮಾತೇನೋ ಸರಿಯಾಗಿಯೇ ಇತ್ತು. ಇಷ್ಟು ಕಹಿಯನ್ನು ಯಾರೂ ನುಂಗಲಾರರು. ಫುಯೆನ್ಸಾಂತಾ ಹಾಗೆಂದುಕೊಂಡು ಯಾರಿಗೋ ಆಲಿವ್ ತೂಗಲು ಹೋದಳು. ತಕ್ಕಡಿಯ ಮುಳ್ಳು ನಿಂತರೂ ಕೈ ನಿಲ್ಲಲಿಲ್ಲ. ಒಂದು ಸೌಟು ಹೆಚ್ಚಿಗೆ ಹಾಕಿದಳು. ಚಿಕ್ಕಪ್ಪನೂ ಉಗಿಯಬೇಕಿತ್ತಲ್ಲ, ಯಾಕೆ ಉಗಿಯಲಿಲ್ಲ? ಅವನು ಆ ದಿನ ಕುಡಿದಿದ್ದ. ಈ ಮುದುಕ ಖಾರದ ಸಾಸು ಸುರಿದುಕೊಂಡು ತಿಂದರೆ? ಏನೂ ತಿಳಿಯದ ಮೊಮ್ಮಗುವಿನ ಬಾಯಿಗೆ ಬೇಳೆ ಹಿದುಕಿ ಹಾಕಿದರೆ? ಸೌಟು ಕೆಳಗಿಟ್ಟಳು.

“ಅವನಿಗಿಂತ ಮುಂಚೆ ಯಾರಿಗೆ ಕೊಟ್ಟೆ? ಅದಾದ್ರೂ ನೆನಪಿದ್ಯಾ?”

ಅದು ನೆನಪಿತ್ತು. ಬೀಸಣಿಗೆ ಹಿಡಿದ ದಪ್ಪನೆಯ ಹೆಂಗಸು. ಜಜ್ಜಿದ ಆಲಿವ್ ತೆಗೆದುಕೊಂಡು, ಸರದಿ ಕೇಳದೆ ನುಗ್ಗಿದ ಒಬ್ಬ ಬಿಳಿಗೂದಲಿನ ಪ್ರವಾಸಿಯನ್ನು ತರಾಟೆಗೆ ತೆಗೆದುಕೊಂಡಿದ್ದಳು. ಬೀಸಣಿಗೆಯಿಂದ ಅವನ ಎದೆಗೆ ಕುಟ್ಟಿದಳಂತೆ. ಒಬ್ದೂಲಿಯಾ. ಮೀನಿನ ಹಡಗಿನ ಒಡೆಯನೊಬ್ಬನ ವಿಧವೆ. ಬೇರೆ ಯಾರಾಗಿರಲು ಸಾಧ್ಯವಿರಲಿಲ್ಲ.

ಫುಯೆನ್ಸಾಂತಾಳಿಗೆ ದಾರಿ ಹೊಳೆದದ್ದು ಆಗ. ಇಲ್ಲಿನ ಸಂತೆಯಲ್ಲಿ ಯಾರೂ ಸಾಲಾಗಿ ನಿಲ್ಲುವುದಿಲ್ಲ. ಅಂಗಡಿಗೆ ಬಂದವರು “ಕೊನೇನವರು ಯಾರು?” ಎಂದು ಗಾಳಿಗೆ ಕೇಳುತ್ತಾರೆ. ಯಾರೋ ಒಬ್ಬರು ಕೈ ಎತ್ತುತ್ತಾರೆ. ಅವರ ಮುಖವನ್ನು ಚೆನ್ನಾಗಿ ನೋಡಿಟ್ಟುಕೊಂಡು, ನೆರಳಿಗೋ ಎದುರಿನ ಬಟ್ಟೆ ಅಂಗಡಿಗೋ ಹೋಗಿ, ಸರದಿ ಬಂದಾಗ ಮರಳುತ್ತಾರೆ. ನೋಡಿದವರಿಗೆ ಅದು ಬರೀ ಗುಂಪು. ಆದರೆ ಗುಂಪಿನಲ್ಲಿ ಪ್ರತಿಯೊಬ್ಬರಿಗೂ ತಮ್ಮ ಮುಂದಿನವರು ಗೊತ್ತು, ತಮ್ಮನ್ನು ಕೇಳಿದವರೂ ಗೊತ್ತು. ಕಾರಿದಾದ್‌ಗೆ ಮರೆತದ್ದು ಆ ಸರಪಳಿಯಲ್ಲಿ ಇದ್ದೇ ಇರುತ್ತದೆ.

“ಅಂಗಡಿ ನೋಡ್ಕೋ. ಆ ಪಾತ್ರೆ ಮುಟ್ಟಬೇಡ,” ಎಂದು ಏಪ್ರನ್ನಿನಲ್ಲೇ ಹೊರಟಳು.

ಒಬ್ದೂಲಿಯಾ ಪರದೆ ಬಟ್ಟೆಯ ಅಂಗಡಿಯಲ್ಲಿ ಬೀಸಣಿಗೆ ಆಡಿಸುತ್ತ, ಇನ್ನೊಂದು ಕೈಯಲ್ಲಿ ಥಾನಿನ ಅಂಚನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಫುಯೆನ್ಸಾಂತಾ ಉಸಿರು ಬಿಗಿಹಿಡಿದು ಕೇಳಿದಳು: “ಒಬ್ದೂಲಿಯಮ್ಮ, ನನ್ನಂಗಡೀಲಿ ನಿಮ್ಮ ಹಿಂದೆ ಯಾರು ಸರದಿ ಕೇಳಿದ್ರು?”

“ಆ ಪ್ರವಾಸಿಯಂತೂ ಅಲ್ಲ. ಅವನಿಗೆ ಕೇಳೋ ಬಾಯಿ ಇದ್ದಿದ್ರೆ ತಾನೆ.”

“ಅಮ್ಮ, ಅವಸರ ಇದೆ. ಒಬ್ಬ ಮುದುಕಂಗೆ ಕೆಟ್ಟ ಕಾಳು ಹೋಗಿದೆ.”

ಬೀಸಣಿಗೆ ನಿಂತಿತು. ಒಬ್ದೂಲಿಯಾ ಒಮ್ಮೆ ತನ್ನ ಚೀಲದತ್ತ ನೋಡಿಕೊಂಡಳು. ನಿಮ್ಮದಲ್ಲ, ತ್ರಮೂಸ್ ಕಾಳು ಎಂದ ಮೇಲೆಯೇ ಬಾಯಿಬಿಟ್ಟಳು. ತನ್ನ ಹಿಂದೆ ಕೇಳಿದ್ದು ಮುದುಕನಲ್ಲ, ಔಷಧದಂಗಡಿಯ ಪುರಾ, ಹಳದಿ ಲಂಗ, ಕಲ್ಲಂಗಡಿಗೆ ಹೋಗಬೇಕು ಅನ್ನುತ್ತಿದ್ದಳು. ಅಷ್ಟು ಹೇಳಿ, ಆಲಿವ್ ಮಾತ್ರ ಸರಿಯಿದೆಯಾ ಎಂದು ಇನ್ನೊಮ್ಮೆ ಕೇಳಿದಳು. ಫುಯೆನ್ಸಾಂತಾ ಆಗಲೇ ನಡೆಯುತ್ತಿದ್ದಳು.

ಹಣ್ಣಿನವರು ಬೀದಿಯ ಆ ಕೊನೆಯಲ್ಲಿ, ಸಮುದ್ರದ ಕಡೆ. ಜನದ ನಡುವೆ ದಾರಿ ಬಿಡಿಸಿಕೊಂಡು ಹೋಗುವಾಗ ಕಂಡ ಪ್ರತಿಯೊಂದು ಟೋಪಿಯ ಕೆಳಗೂ ಇಣುಕಿದಳು. ಒಬ್ಬ ಮುದುಕ ಏನೋ ಅಗಿಯುತ್ತಿದ್ದ, ಅವನ ಕೈ ಹಿಡಿದು ನೋಡಿದರೆ ಸೂರ್ಯಕಾಂತಿ ಬೀಜ. ತಲೆ ಸುತ್ತಿದಂತಾಯಿತು. ಒಂದು ಚಪ್ಪಲಿ ಅಂಗಡಿಯ ಕಂಬ ಹಿಡಿದು ನಿಂತಳು. ಚಪ್ಪಲಿಯವ “ಕೂತ್ಕೊ ರಾಣಿ, ಮುಖ ಸುಣ್ಣದ ಹಾಗಿದೆ” ಅಂದ. ಕೂರಲಿಲ್ಲ.

ಪುರಾ ಕಲ್ಲಂಗಡಿಗೆ ಬೆರಳು ಬಡಿದು ಸದ್ದು ಕೇಳುತ್ತಿದ್ದಳು. ಅವಳಿಗೆ ಎಲ್ಲವೂ ಸ್ಪಷ್ಟವಾಗಿ ನೆನಪಿತ್ತು. ತಾನು ಒಬ್ದೂಲಿಯಮ್ಮನ ಹಿಂದೆ. ತನ್ನ ಹಿಂದೆ ಬಾರ್ತೊಲೊ ಮಾಮ, ಮೊದಲು ಬಸ್ಸು ಓಡಿಸುತ್ತಿದ್ದವರು. ಬಿಸಿಲಲ್ಲಿ ನಿಲ್ಲಬೇಡಿ ಎಂದು ತಾನೇ ಅವರನ್ನು ಮುಂದೆ ಬಿಟ್ಟೆ. ಒಂದು ಚೀಲ ಕಾಳು ತೆಗೆದುಕೊಂಡರು.

ಹೆಸರು ಸಿಕ್ಕಿದ್ದಕ್ಕೆ ಫುಯೆನ್ಸಾಂತಾಳಿಗೆ ಒಂದು ಕ್ಷಣ ಹಗುರವಾಯಿತು. “ಸದ್ಯ. ಅವರಾದ್ರೆ ಬಾಯಿಗಿಟ್ಟ ತಕ್ಷಣ ಉಗೀತಾರೆ. ಕಾಳಿನ ಕಹಿ ಹೋಗಿಲ್ಲ ಪುರಾ, ಅದಕ್ಕೇ ಹುಡುಕ್ತಿದ್ದೆ.”

ಪುರಾ ಕಲ್ಲಂಗಡಿ ಕೆಳಗಿಟ್ಟಳು. “ಅವರಿಗೆ ಕಹಿ ಗೊತ್ತಾಗಲ್ಲ.”

“ಅಂದ್ರೆ?”

“ಹೋದ ಚಳಿಗಾಲದಲ್ಲಿ ಗಂಟಲಿಗೆ ವಿಕಿರಣ ಚಿಕಿತ್ಸೆ ಆಯ್ತಲ್ಲ. ಆವಾಗಿಂದ ಬಾಯಿಗೆ ರುಚೀನೇ ಇಲ್ಲ. ಸಿಹಿ, ಕಹಿ, ಉಪ್ಪು, ಏನೂ ಇಲ್ಲ. ಔಷಧಿಗೆ ಬಂದಾಗೆಲ್ಲ ಅದನ್ನೇ ಹೇಳ್ಕೋತಾರೆ.”

ಊರಿನಲ್ಲಿ ಯಾರು ಬೇಕಾದರೂ ಕೊಂಡಿರಬಹುದಾಗಿದ್ದ ಆ ಚೀಲ, ಉಗಿಯಲಾರದ ಒಬ್ಬನ ಕೈಗೇ ಹೋಗಿತ್ತು. ಪುರಾ ತಾನೂ ಬರುತ್ತೇನೆಂದು ಚೀಲ ಎತ್ತಿಕೊಳ್ಳುತ್ತಿದ್ದಳು. ಎಲ್ಲಿರುತ್ತಾರೆ ಎಂದು ಮಾತ್ರ ಕೇಳಿಕೊಂಡು ಫುಯೆನ್ಸಾಂತಾ ಓಡಿದಳು. ಗುರುವಾರ ಡೊಮಿನೊ ಆಟ. ಕಡಲ ದಂಡೆಯ ಪಿಂಚಣಿದಾರರ ಕ್ಲಬ್ಬು.

ಕ್ಲಬ್ಬಿನ ಮುಂದೆ ಚಪ್ಪರದ ನೆರಳಿನಲ್ಲಿ ನಾಲ್ವರು ಮುದುಕರು ಅಮೃತಶಿಲೆಯ ಮೇಜಿನ ಸುತ್ತ ಕೂತು ಜಗಳವಾಡುತ್ತಿದ್ದರು. ಹಲ್ಲಿಲ್ಲದ ಒಬ್ಬ ಡೊಮಿನೊ ಬಿಲ್ಲೆಯೊಂದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದ: “ಆರು ಚುಕ್ಕಿಯ ಪಕ್ಕ ಐದು ಚುಕ್ಕಿ ಇಟ್ಟಿದ್ದಾನೆ ನೋಡಿ. ಬಸ್ಸನ್ನೂ ಹೀಗೇ ಓಡಿಸ್ತಿದ್ದ ಇವ್ನು.”

“ಚುಕ್ಕಿ ಸರಿಯಾಗಿ ಕಾಣ್ತಿಲ್ಲ ಮಾರಾಯ,” ಎಂದ ಬಾರ್ತೊಲೊ. “ಇವತ್ತು ಬೆಳಕೇ ಒಂಥರಾ ಇದೆ.”

ಅವನ ಮುಂದೆ ಬಿಯರಿನ ಲೋಟ ಖಾಲಿಯಾಗಿತ್ತು. ಪಕ್ಕದಲ್ಲಿ ಮತ್ತೊಂದು, ಅದೂ ಖಾಲಿ. ಮೇಜಿನ ಅಂಚಿಗೆ ತ್ರಮೂಸ್ ಸಿಪ್ಪೆಗಳು ಅಚ್ಚುಕಟ್ಟಾಗಿ, ಒಂದರ ಪಕ್ಕ ಒಂದು, ಸಾಲಾಗಿ ಕೂತಿದ್ದವು. ಸಾಲು ಮೇಜಿನ ಮೂಲೆಯ ತನಕ ಹೋಗಿ ಅಲ್ಲಿಂದ ತಿರುಗಿತ್ತು.

ಫುಯೆನ್ಸಾಂತಾ ಚೀಲವನ್ನು ಮೇಜಿನಿಂದ ಎತ್ತಿಕೊಂಡಳು. ತಳದಲ್ಲಿ ಸ್ವಲ್ಪ ಉಳಿದಿತ್ತು. “ಇಷ್ಟೂ ನೀವೇ ತಿಂದ್ರಾ ಮಾಮ?”

ಉತ್ತರ ಹಲ್ಲಿಲ್ಲದವನಿಂದ ಬಂತು. “ನಾನೊಂದು ಬಾಯಿಗೆ ಹಾಕಿ ಉಗಿದೆ. ಕಹಿ ಕಣೋ ಅಂದೆ. ನಿನ್ನ ಬಾಯೇ ಕಹಿ ಅಂದ.”

“ಟೋಪಿ ತೆಗೀರಿ ಮಾಮ. ನನ್ನ ಕಡೆ ನೋಡಿ.”

ಬಾರ್ತೊಲೊ ಟೋಪಿ ತೆಗೆದ. ಅವಳು ಅವನ ಗಲ್ಲ ಹಿಡಿದು ಮುಖವನ್ನು ಕಡಲಿನ ಕಡೆಗೆ ತಿರುಗಿಸಿದಳು. ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಎಂಥವರ ಪಾಪೆಯೂ ಸಾಸಿವೆಯಷ್ಟಾಗಬೇಕು. ಅವನ ಕಣ್ಣಲ್ಲಿ ಕಂದು ಬಣ್ಣ ಉಂಗುರದಷ್ಟು ತೆಳ್ಳಗೆ ಉಳಿದಿತ್ತು, ಮಿಕ್ಕದ್ದೆಲ್ಲ ಕಪ್ಪು. ಅವಳ ಚಿಕ್ಕಪ್ಪನ ಕಣ್ಣುಗಳು.

ಬಾಯಿ ಒಣಗಿದೆಯಾ ಎಂದು ಕೇಳಿದಳು. ಅದಕ್ಕೇ ಎರಡನೇ ಬಿಯರ್ ಅಂದ. ಮಣಿಕಟ್ಟು ಹಿಡಿದು ನೋಡಿದಳು. ಏನು ಎಣಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ಆದರೆ ಅದು ಓಡುತ್ತಿರುವುದು ಬೆರಳಿಗೆ ತಿಳಿಯುತ್ತಿತ್ತು. ಮುಚ್ಚಿಡಲು ಅವಳಿಗೆ ಆ ಕ್ಷಣದಲ್ಲಿ ಆಸೆಯೂ ಆಗಲಿಲ್ಲ, ಅವಕಾಶವೂ ಇರಲಿಲ್ಲ.

“ಕಾಳಿನ ವಿಷ ಹೋಗಿಲ್ಲ ಮಾಮ. ತಪ್ಪು ನನ್ನದು. ಆಸ್ಪತ್ರೆಗೆ ಹೋಗೋಣ, ಏಳಿ.”

ಬಾರ್ತೊಲೊ ಒಮ್ಮೆ ತನ್ನ ಸಿಪ್ಪೆಗಳ ಸಾಲನ್ನು ನೋಡಿದ. “ಆಟ ಮುಗಿಸಿ ಬರ್ಲಾ?” ಎಂದು ಕೇಳಿದ. ಹಲ್ಲಿಲ್ಲದವನೇ ಎದ್ದು ಅವನ ಕಂಕುಳಿಗೆ ಕೈಕೊಟ್ಟ.

ಅವಳು ಸಿಪ್ಪೆಗಳನ್ನೂ ಉಳಿದ ಕಾಳನ್ನೂ ಚೀಲಕ್ಕೆ ಬಾಚಿಕೊಂಡಳು. ಎಷ್ಟು ತಿಂದಿದ್ದಾನೆಂದು ಕೇಳುವವರಿಗೆ ತೋರಿಸಬೇಕಿತ್ತು. ಅಷ್ಟರಲ್ಲಿ ಪುರಾ ಬಂದು ಮುಟ್ಟಿದ್ದಳು, ಆಂಬುಲೆನ್ಸಿಗೆ ಫೋನೂ ಮಾಡಿದ್ದಳು. ಆರೋಗ್ಯ ಕೇಂದ್ರ ಎರಡು ಬೀದಿ ಆಚೆ. ಬಾಗಿಲಲ್ಲಿ ಎದುರಾದದ್ದು ಬೆಳಗ್ಗೆ ರಕ್ತ ತೆಗೆದ ನರ್ಸೇ. ಫುಯೆನ್ಸಾಂತಾಳನ್ನು ನೋಡಿ, ಮತ್ತೆ ತಲೆ ಸುತ್ತಿತಾ ಎಂದು ಕೇಳಿದಳು. ನನಗಲ್ಲ ಎಂದು ಇವಳು ಚೀಲ ಮುಂದೆ ಹಿಡಿದಳು. ನರ್ಸ್ ಚೀಲ ನೋಡಿದಳು, ಮುದುಕನ ಕಣ್ಣು ನೋಡಿದಳು, ಮರುಮಾತಿಲ್ಲದೆ ಗಾಲಿಕುರ್ಚಿ ಎಳೆದಳು. ವಿಷಚಿಕಿತ್ಸೆಯವರಿಗೆ ಫೋನು ಹೋಯಿತು. ಎದೆಗೆ ತಂತಿಗಳನ್ನು ಅಂಟಿಸಿದರು. ಆಮೇಲೆ ಆಂಬುಲೆನ್ಸು.

ದೊಡ್ಡಾಸ್ಪತ್ರೆಯ ಹೊರಕೋಣೆಯಲ್ಲಿ ಅವಳು ಏಪ್ರನ್ನಿನಲ್ಲೇ ಕೂತಿದ್ದಳು. ಬೆರಳುಗಳಿಂದ ಉಪ್ಪುನೀರಿನ ವಾಸನೆ ಬರುತ್ತಿತ್ತು. ಒಳಗಿನಿಂದ ಬಂದ ಯುವ ಡಾಕ್ಟರೊಬ್ಬರು ಬಾರ್ತೊಲೊ ಕಡೆಯವರು ಯಾರು, ನೀವು ಅವರಿಗೆ ಏನಾಗಬೇಕು ಎಂದರು. ಉಪ್ಪಿನಕಾಯಿ ಮಾರುವವಳು ಎಂದಳು. ಹೃದಯದ ಬಡಿತ ಇನ್ನೂ ಇಳಿದಿಲ್ಲ, ಕಾಯಬೇಕು ಎಂದು ಹೇಳಿ ಅವರು ಒಳಗೆ ಹೋದರು. ಅವಳು ಕಾದಳು. ಹಿನೇಸ್ ಬಂದು ಪಕ್ಕದಲ್ಲಿ ಕೂತ. ಕಹಿ ಕಾಳಿನ ವಿಷಯ ಅವನಿಗೆ ಕಾರಿದಾದ್ ಹೇಳಿದ್ದಳು. ಬಕೆಟ್‌ಗಳು ಅದಲುಬದಲಾದದ್ದು ಅವನಿಗೇ ಹೊಳೆದಿತ್ತು. ನಾನು ನೆಲ ತೊಳೆಯಬಾರದಿತ್ತು ಅಂದ. ಗುರುತು ಕಟ್ಟದೆ ಇದ್ದವಳು ನಾನು ಎಂದಳು ಅವಳು. ಆಮೇಲೆ ಇಬ್ಬರೂ ಆ ಬಾಗಿಲನ್ನೇ ನೋಡುತ್ತ ಕೂತರು. ಪ್ರತಿ ಸಲ ಬಾಗಿಲು ತೆರೆದಾಗ ಅವಳ ಕೈ ಏಪ್ರನ್ನಿನ ಅಂಚನ್ನು ಹಿಡಿಯುತ್ತಿತ್ತು.

ಸಂಜೆ ಡಾಕ್ಟರು ಮತ್ತೆ ಬಂದರು. ಬಡಿತ ಇಳಿಯುತ್ತಿದೆ. ಒಂದೆರಡು ದಿನ ಇಲ್ಲೇ ಇರಲಿ. ಇನ್ನಷ್ಟು ತಡವಾಗಿದ್ದರೆ, ಚೀಲ ಖಾಲಿಯಾಗಿದ್ದರೆ ಎಂದು ಶುರುಮಾಡಿದವರು ಅವಳ ಮುಖ ನೋಡಿ ವಾಕ್ಯ ಪೂರ್ತಿ ಮಾಡಲಿಲ್ಲ.

ಪಾಲಿಕೆಯವರು ಬಂದರು. ಅವಳು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಎರಡು ಗುರುವಾರ ಅಂಗಡಿ ಮುಚ್ಚಿಸಿದರು, ಜಾಗ ಉಳಿಯಿತು. ಅವಳ ರಕ್ತ ಪರೀಕ್ಷೆಯಲ್ಲಿ ಕಬ್ಬಿಣದಂಶ ಕಡಿಮೆಯೆಂದು ಬಂತು, ಮಾತ್ರೆ ಕೊಟ್ಟರು. ಮುಂದಿನ ಪರೀಕ್ಷೆಗೆ ಅವಳು ಸೋಮವಾರ ಕೇಳಿ ಬರೆಸಿಕೊಂಡಳು. ಬಕೆಟ್‌ಗಳಲ್ಲಿ ಒಂದಕ್ಕೆ ಹಿನೇಸ್ ಕೆಂಪು ಬಣ್ಣ ಬಳಿದ.

ಮತ್ತೆ ಅಂಗಡಿ ತೆರೆದ ಗುರುವಾರ ತ್ರಮೂಸ್ ಇರಬೇಕಾದ ಜಾಗದಲ್ಲಿ ಬೆಳ್ಳುಳ್ಳಿಯ ಬುಟ್ಟಿ ಇತ್ತು. ಮೆಲ್ಚೋರ್ ಸ್ಟೂಲಿನ ಮೇಲಿಂದ ಅದನ್ನು ನೋಡಿದ, ಹೆಂಡತಿಯ ಮಾತೆತ್ತಲಿಲ್ಲ. ಬಿಸಿಲೇರುವ ಹೊತ್ತಿಗೆ ಗುಂಪಿನ ಹಿಂದಿನಿಂದ ಒಂದು ಒರಟು ಗಂಟಲು ಕೊನೆಯವರು ಯಾರೆಂದು ಕೇಳಿತು. ಯಾರೋ ಕೈ ಎತ್ತಿದರು. ಸರದಿ ಬಂದಾಗ ಬಾರ್ತೊಲೊ ಮೇಜಿಗೆ ಎರಡೂ ಕೈ ಊರಿ ಪಾತ್ರೆಗಳನ್ನು ಒಂದು ಕಡೆಯಿಂದ ನೋಡಿಕೊಂಡು ಬಂದ.

“ನನ್ನ ಕಾಳೆಲ್ಲಿ?”

“ಇನ್ಮೇಲೆ ಅದು ಮಾರಲ್ಲ ಮಾಮ.”

“ಯಾಕೆ?”

ಅವಳು ಬೆಳ್ಳುಳ್ಳಿಯ ಬುಟ್ಟಿಯನ್ನು ನೇರ ಮಾಡಿದಳು. ಅವನು ಟೋಪಿ ತೆಗೆದು ಬೆವರೊರೆಸಿಕೊಂಡ. ಅವಳು ಮೊದಲು ನೋಡಿದ್ದು ಅವನ ಕಣ್ಣುಗಳನ್ನು. ಪಾಪೆಗಳು ಸಣ್ಣಗಿದ್ದವು.

“ನೋಡಮ್ಮ,” ಎಂದ ಅವನು. “ನಂಗೀಗ ಗಿಣ್ಣೂ ಒಂದೇ, ಸೋಪೂ ಒಂದೇ. ಹೊಟ್ಟೆಗೆ ಹಾಕ್ಕೋಬೇಕು ಅಂತ ಹಾಕ್ಕೋತೀನಿ. ಈ ಕಾಳೊಂದು ಹಿದುಕಿದಾಗ ಬೆರಳಿಗೆ ಗೊತ್ತಾಗತ್ತೆ. ಟಪ್ ಅನ್ನತ್ತೆ. ತಿಂತಾ ಇದ್ದೀನಿ ಅಂತ ಗೊತ್ತಾಗೋದು ಅದೊಂದ್ರಲ್ಲೇ. ರುಚಿ ನೀನು ನೋಡು, ಟಪ್ ಅನ್ನೋದು ನಾನು ನೋಡ್ಕೋತೀನಿ.”

ಹಿಂದಿದ್ದ ಒಬ್ದೂಲಿಯಾ, ಮುದುಕನಿಗೆ ಬೇಗ ಏನಾದರೂ ಕೊಟ್ಟು ಕಳಿಸು ಎಂದು ಬೀಸಣಿಗೆ ಕುಟ್ಟಿದಳು.

ಎರಡು ವಾರ ಕಳೆದು ಬೆಳ್ಳುಳ್ಳಿ ಬುಟ್ಟಿ ಸರಿದು ತ್ರಮೂಸ್ ಪಾತ್ರೆ ಬಂತು. ಮನೆಯಲ್ಲಿ ಅವಳು ಅದನ್ನು ಬೇಕಾದ್ದಕ್ಕಿಂತ ಎರಡು ದಿನ ಹೆಚ್ಚಿಗೆ ತೊಳೆದಿದ್ದಳು, ಗ್ಯಾರೇಜಿನಲ್ಲಿ ರುಚಿ ನೋಡಿದ್ದಳು, ವ್ಯಾನಿನಲ್ಲಿ ನೋಡಿದ್ದಳು, ಹಲಗೆಯ ಮೇಲೆ ಇಟ್ಟ ಮೇಲೂ ನೋಡಿದ್ದಳು. ಬಾರ್ತೊಲೊ ಬಂದು ನಿಂತಾಗ ಸೌಟು ತುಂಬಿ ಎತ್ತಿದವಳು ಹಾಗೆಯೇ ನಿಂತಳು. ಅದರಿಂದ ಒಂದು ಕಾಳು ತೆಗೆದು ಅವನೆದುರೇ ಹಿದುಕಿ ಬಾಯಿಗೆ ಹಾಕಿಕೊಂಡಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಕಹಿ ಇರಲಿಲ್ಲ. ಉಪ್ಪು, ಬೆಂದ ಬೇಳೆಯ ವಾಸನೆ, ಇನ್ನೇನಿಲ್ಲ.

“ಸರಿಯಿದ್ಯಾ?” ಎಂದ.

ಅವಳು ಹೂಂ ಅನ್ನಲು ಬಾಯಿ ತೆರೆದು, ತಡೆದು, ಪಾತ್ರೆಯ ತಳಕ್ಕೆ ಕೈಹಾಕಿ ಇನ್ನೊಂದು ಕಾಳು ತೆಗೆದಳು. ಹಿಂದೆ ಯಾರೋ ಬಂದು ಕೊನೆಯವರು ಯಾರೆಂದು ಕೇಳುತ್ತಿದ್ದರು. ಬಾರ್ತೊಲೊ ಅವಸರಪಡಿಸದೆ, ಚೀಲದ ಬಾಯಿ ಬಿಡಿಸಿ ಹಿಡಿದು ಕಾಯುತ್ತ ನಿಂತ.